ಉಸಿರು ಹಿಡಿಯದ ದೇವಯ್ಯ

ಹೊಳೆನರಸೀಪುರದ ಹೇಮಾವತಿ ದಂಡೆಯಲ್ಲಿ ಮಾಗಿಯ ಮಂಜು ಇನ್ನೂ ಎದ್ದಿಲ್ಲ. ಎದುರಿನ ದಡ ಕಾಣುವುದಿಲ್ಲ, ನೀರೂ ಅರ್ಧಂಬರ್ಧ. ಆದರೆ ಇಲ್ಲಿ ಬೆಳಗಾಗಿದೆ ಎನ್ನುವುದು ಕಿವಿಗೆ ಗೊತ್ತಾಗುತ್ತದೆ. ‘ಹುಶ್ಶ್’ ಎಂದೊಂದು ಉಸಿರು, ಅದರ ಬೆನ್ನಿಗೇ ಒದ್ದೆ ಬಟ್ಟೆ ಕಲ್ಲಿಗೆ ಬಡಿದ ‘ಥಪ್’. ಮತ್ತೆ ಹುಶ್ಶ್, ಮತ್ತೆ ಥಪ್. ಮೊಣಕಾಲುದ್ದ ನೀರಿನಲ್ಲಿ ಸಾಲಾಗಿ ಒಗೆಯುವ ಕಲ್ಲುಗಳು, ಕಲ್ಲಿಗೊಬ್ಬರಂತೆ ಮಡಿವಾಳರು. ಒಬ್ಬೊಬ್ಬರ ಉಸಿರೂ ಒಂದೊಂದು ಥರ. ಕಣ್ಣು ಮುಚ್ಚಿ ಕೂತರೂ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ದಂಡೆಯವರು ಹೇಳಬಲ್ಲರು.

ದೇವಯ್ಯ ಬಂದಿದ್ದಾರೆ, ಆದರೆ ಅವರ ಉಸಿರು ಕೇಳುತ್ತಿಲ್ಲ. ತಲೆಗೆ ಮಫ್ಲರು ಸುತ್ತಿಕೊಂಡು, ದಡದ ಮೇಲೆ ಬಟ್ಟೆಯ ಗಂಟುಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ನೀರಿಗಿಳಿಯುವಂತಿಲ್ಲ, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಹೆಂಡತಿ ಪುಟ್ಟತಾಯಮ್ಮ ಒಗೆದು ಹಿಂಡಿ ಎಸೆದದ್ದನ್ನು ಕೊಡವಿ ಹಗ್ಗಕ್ಕೆ ಹರವುವುದಷ್ಟೇ ಅವರ ಪಾಲಿನ ಕೆಲಸ. ಅದನ್ನೂ ಅವರು ಮಾಡುವುದು ಮುಖ ಗಂಟಿಕ್ಕಿಕೊಂಡೇ.

ಪುಟ್ಟತಾಯಮ್ಮ ದಿನಾ ಬೆಳಗ್ಗೆ ತಮ್ಮ ಕಲ್ಲಿಗೆ ಹೋಗುವ ಮೊದಲು ಪಕ್ಕದ ಖಾಲಿ ಕಲ್ಲಿನ ಹತ್ತಿರ ನಿಲ್ಲುತ್ತಾರೆ. ಅದು ಗಂಡನ ಕಲ್ಲು. ಹಳೆಯ ಗೋಣಿ ತುಂಡನ್ನು ಒದ್ದೆ ಮಾಡಿ ಅದರ ಮೇಲೆ ನಾಲ್ಕು ಸಲ ಬಡಿದು, ಮೂಲೆಮೂಲೆ ಉಜ್ಜಿ, ನೀರು ಸುರಿದು ಬರುತ್ತಾರೆ. “ನಾಕ್ ದಿನ ಬುಟ್ರೆ ಪಾಚಿ ಕಟ್ಕತದೆ ಸಾ,” ಎನ್ನುತ್ತಾರೆ ಕೇಳಿದವರಿಗೆ. “ಪಾಚಿ ಕಟ್ಟಿದ್ ಕಲ್ಲು ನೋಡುದ್ರೆ ಇನ್ಯಾರಾನ ಬಂದು ನಿಂತ್ಕತಾರೆ. ಔರು ಬರೋಗಂಟ ಕಲ್ಲು ಬಿಳೀಕೆ ಇರ್ಲಿ ಅಂತ.”

ಅವರು ಮತ್ತೆ ಬರುತ್ತಾರೋ ಇಲ್ಲವೋ ಎನ್ನುವುದು ಇವತ್ತು ಮಧ್ಯಾಹ್ನ ಹಾಸನದಲ್ಲಿ ಗೊತ್ತಾಗಬೇಕು. ದೇವಯ್ಯನವರ ಮಿದುಳಿನ ರಕ್ತನಾಳದಲ್ಲಿ ಒಂದು ಗುಳ್ಳೆ ಇತ್ತು. ಒಡೆಯುವ ಮೊದಲೇ ಅದಕ್ಕೆ ಚಿಕಿತ್ಸೆಯಾಗಿದೆ. ಈಗ ಅಲ್ಲಿ ರಕ್ತ ಮೊದಲಿನಂತೆ ಹರಿಯುತ್ತಿದೆಯೇ ಎಂದು ಪರೀಕ್ಷೆ ಮಾಡಬೇಕು. ಸರಿಯಿದ್ದರೆ ಕಲ್ಲು, ಇಲ್ಲದಿದ್ದರೆ ಈ ದಡ. ದೇವಯ್ಯನವರಿಗೆ ದಡ ಬೇಡ.

ಈ ದಂಪತಿಯ ಹೆಸರು ಊರಿನ ಯಾವ ಸಭೆಯಲ್ಲೂ ಕೇಳಿಬಂದದ್ದಲ್ಲ. ಆದರೆ ದೇವಸ್ಥಾನದ ಬೀದಿಯ ಮದುವೆಗಳಲ್ಲಿ ಮದುಮಕ್ಕಳ ಕಾಲಡಿಗೆ ಹಾಸುವ ನಡೆಮಡಿ ಇವರ ಕೈಯಲ್ಲಿ ಒಗೆದದ್ದು. ಹಳ್ಳಿಮೈಸೂರಿನ ಕಡೆಯಿಂದ ಬರುವ ಬಾಣಂತಿಯರ ಬಟ್ಟೆ, ಛತ್ರದ ಜಮಖಾನ, ಸ್ಕೂಲು ಮೇಷ್ಟರ ಬಿಳಿ ಪಂಚೆ ಎಲ್ಲವೂ ಈ ನೀರಿಗೇ ಬರುತ್ತವೆ. ಮೊದಲು ಎರಡು ಕತ್ತೆಗಳಿದ್ದವು. ತೊಂಬತ್ತರ ದಶಕದ ನಡುವೆ ಅವುಗಳ ಜಾಗಕ್ಕೆ ಸೈಕಲ್ಲು ಬಂತು. ಆಮೇಲೆ ಬೀದಿಯ ಮನೆಮನೆಗೂ ವಾಷಿಂಗ್ ಮಷೀನು ಬಂತು. ಈಗಲೂ ರೇಷ್ಮೆ, ಜರಿ, ದಪ್ಪ ಹಚ್ಚಡ ಅಂದರೆ ದೇವಯ್ಯನೇ ಆಗಬೇಕು. ಬೆಳಗ್ಗೆ ಎರಡು ಗಂಟು ಒಗೆತ, ಮಧ್ಯಾಹ್ನ ಬಟ್ಟೆ ಬೇಯಿಸುವ ಉಬ್ಬೆಯ ಹಂಡೆಯ ಮುಂದೆ ತಾವೂ ಬೇಯುವುದು, ಸಂಜೆ ಇಸ್ತ್ರಿ ಪೆಟ್ಟಿಗೆ. ರಜೆ ಎಂಬ ಮಾತನ್ನು ಅವರು ಕೇಳಿದ್ದು ಸ್ಕೂಲಿಗೆ ಹೋಗುವ ಮಕ್ಕಳ ಬಾಯಲ್ಲಿ ಮಾತ್ರ.

ಒಗೆಯುವುದನ್ನು ಕಲಿಸಿದ್ದು ಅಪ್ಪ. ಅದರಲ್ಲಿ ಮೊದಲನೆಯ ಪಾಠ ಬಟ್ಟೆಯದಲ್ಲ, ಉಸಿರಿನದು. “ಎತ್ತುವಾಗ ಒಳೀಕ್ ತಕ್ಕೊ, ಬಡಿಯುವಾಗ ಈಚೀಕ್ ಬುಡು, ಕಲ್ಲಿನ ಮುಂದೆ ಉಸ್ರು ಇಡೀಬ್ಯಾಡ ಅಂತ ನಮ್ಮಪ್ಪ ಬೆನ್ನಿಗ್ ಬಾರ್ಸಿ ಏಳ್ಕೊಟ್ಟ. ಉಸ್ರು ಇಡುದ್ರೆ ಎದೆ ಒಡೆದೋಯ್ತದೆ ಅನ್ನೋನು,” ಎಂದು ದೇವಯ್ಯ ನೆನೆಯುತ್ತಾರೆ. ಆ ಹುಶ್ಶ್ ಅವರ ಮೈಗೆ ಎಷ್ಟು ಅಂಟಿಕೊಂಡಿದೆ ಎಂದರೆ, ಚೊಂಬು ಎತ್ತಿದರೂ ಹುಶ್ಶ್, ಬಾಗಿಲು ತಳ್ಳಿದರೂ ಹುಶ್ಶ್. ನಿದ್ದೆಯಲ್ಲೂ ಹಾಗೇ ಎಂದು ಪುಟ್ಟತಾಯಮ್ಮ ನಗುತ್ತಾರೆ.

ದೇವಯ್ಯ ಉಸಿರು ಹಿಡಿಯುವ ಸಂದರ್ಭ ಒಂದೇ ಒಂದು, ನೀರಿನಲ್ಲಿ ಮುಳುಗುವಾಗ. ದೇವಸ್ಥಾನದ ಬೀದಿಯ ಕನಕಲಕ್ಷ್ಮಿ ಟೀಚರು ಅದನ್ನು ಬಾಯ್ತುಂಬ ಹೇಳುತ್ತಾರೆ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು ಅವರು. ತೊಂಬತ್ತೆರಡನೆಯ ಇಸವಿಯ ಮಳೆಗಾಲದಲ್ಲಿ ಅವರ ಧಾರೆ ಸೀರೆ ಕಲ್ಲಿನಿಂದ ಜಾರಿ ಮಡುವಿನ ಕಡೆ ಹೋಯಿತಂತೆ. “ಹೊಳೆ ಕೆಂಪಗೆ ಹರೀತಿತ್ತು. ಇವನು ಹಿಂದೆ ಮುಂದೆ ನೋಡದೆ ಧುಮುಕಿಬಿಟ್ಟ. ದಂಡೆಯಲ್ಲಿದ್ದವರೆಲ್ಲ ಹೋದ ಹೋದ ಅಂತ ಕೂಗೋಷ್ಟರಲ್ಲಿ ಸೀರೆ ಹಲ್ಲಲ್ಲಿ ಕಚ್ಚಿಕೊಂಡು ಆಚೆ ಎದ್ದ. ಸೀರೆ ತಂದುಕೊಟ್ಟಾಗ ನಾನು ಅವನಿಗೆ ಬೈದೆ. ಬೈದು ಆಮೇಲೆ ಅತ್ತೆ,” ಎಂದು ಹೇಳುವಾಗ ಅವರ ಕಣ್ಣು ಈಗಲೂ ಒದ್ದೆಯಾಗುತ್ತದೆ.

ಹೀಗೆ ನೀರಿಗೆ ಹೆದರದ ಮನುಷ್ಯ ಕಳೆದ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ದಡದ ಮೆಟ್ಟಿಲಿನ ಮೇಲೆ ಜಾರಿ ಬಿದ್ದರು. ತಲೆಗೆ ಪೆಟ್ಟಾಯಿತು. ಹಾಸನಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರೆ, ಪೆಟ್ಟು ಏನೂ ಅಲ್ಲ, ಆದರೆ ಒಂದು ರಕ್ತನಾಳದ ಮೇಲೆ ಸಂಶಯ ಇದೆ ಎಂದರು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆ ಸಂಶಯ ಗುಳ್ಳೆಯಾಗಿ ಕಾಣಿಸಿತು. ಸೈಕಲ್ ಟ್ಯೂಬು ಸವೆದ ಕಡೆ ಉಬ್ಬಿಕೊಳ್ಳುತ್ತದಲ್ಲ, ಹಾಗೆ ನಾಳದ ಗೋಡೆ ಒಂದು ಕಡೆ ಉಬ್ಬಿತ್ತು. ಬೀಳುವ ಎಷ್ಟೋ ಮೊದಲಿನಿಂದ ಅದು ಅಲ್ಲೇ ಇತ್ತಂತೆ. ತೊಡೆಸಂದಿಯ ನಾಳದಿಂದ ಕೂದಲೆಳೆಯಂಥ ತಂತಿಯನ್ನು ತಲೆಯವರೆಗೂ ಕಳಿಸಿ, ಆ ಗುಳ್ಳೆಯೊಳಗೆ ಸುರುಳಿ ಸುತ್ತಿ ಮುಚ್ಚಿದರು.

“ಕೊಡದ ಕೆಳೀಕೆ ಸಿಂಬೆ ಮಡಗ್ತಿವಲ್ಲ ಸಾ, ಅಂಗೆ ಒಳಗೊಂದು ಸಿಂಬೆ ಮಡಗವ್ರೆ,” ಎಂದು ಪುಟ್ಟತಾಯಮ್ಮ ಕೇಳಿದವರಿಗೆಲ್ಲ ವಿವರಿಸಿದರು. ಆದರೆ ಊರು ನಂಬಲಿಲ್ಲ. ತಲೆಯ ಆಪರೇಷನ್ ಅಂದರೆ ತಲೆ ಬೋಳಾಗಿರಬೇಡವೇ? ದೇವಯ್ಯನ ಕೂದಲು ಇದ್ದ ಹಾಗೇ ಇತ್ತು. ನೋಡಲು ಬಂದವರು ಮಾತಾಡಿಸುವ ನೆಪದಲ್ಲಿ ಹಿಂದೆ ಹೋಗಿ ನಿಂತು ಹೊಲಿಗೆ ಹುಡುಕಿದರು. ಹೊಲಿಗೆ ಕಾಣದೆ ಕೊಂಚ ಬೇಜಾರು ಮಾಡಿಕೊಂಡೇ ಕಾಫಿ ಕುಡಿದು ಎದ್ದರು.

ಪುಟ್ಟತಾಯಮ್ಮನಿಗೆ ಕೂದಲಿನ ಚಿಂತೆ ಇರಲಿಲ್ಲ. ಒಳಗಿನ ಬುದ್ಧಿಯದಿತ್ತು. ಮಡಿವಾಳರು ಬಟ್ಟೆಯ ಅಂಚಿನಲ್ಲಿ ಗೇರಿನ ಎಣ್ಣೆಯಿಂದ ಮನೆಗೊಂದು ಗುರುತು ಹಾಕುತ್ತಾರೆ. ಒಂದಕ್ಕೆ ಎರಡು ಚುಕ್ಕಿ, ಒಂದಕ್ಕೆ ಗೀಟು, ಒಂದಕ್ಕೆ ಗೀಟಿನ ಮೇಲೆ ಚುಕ್ಕಿ. ಅದು ಓದಲು ಬಂದರೆ ಮಡಿವಾಳ, ಬರದಿದ್ದರೆ ಬರೀ ಬಟ್ಟೆ ಹೊರುವವನು. ಗಂಡ ಬೆಂಗಳೂರಿನಿಂದ ಬಂದು ಇನ್ನೂ ಚಾಪೆಯ ಮೇಲೆ ಕಾಲು ಚಾಚಿರಲಿಲ್ಲ, ಆಕೆ ಒಂದು ರಾಶಿ ಬಟ್ಟೆ ತಂದು ಮುಂದೆ ಸುರಿದರು. ದೇವಯ್ಯ ಒಂದೊಂದೇ ಅಂಚು ತಿರುಗಿಸಿ, ಇದು ಟೀಚರಮ್ಮನ ಮನೇದು, ಇದು ಛತ್ರದ್ದು, ಇದು ಡಾಕ್ಟ್ರದ್ದು ಎಂದು ಬೇರೆ ಮಾಡಿ ಇಟ್ಟರು. ಕೊನೆಯದೊಂದನ್ನು ಎತ್ತಿ, “ಇದಕ್ಕೆ ಗುರ್ತು ನೀನ್ ಆಕಿದ್ದಾ? ಸೊಟ್ಟಗೈತೆ,” ಎಂದರು. ಪುಟ್ಟತಾಯಮ್ಮ ಒಳಗೆ ಹೋಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸಂತೋಷ ತಡೆಯಲಾರದೆ ಅತ್ತರು.

ಬುದ್ಧಿ ನೆಟ್ಟಗಿತ್ತು. ಉಳಿದದ್ದು ರಕ್ತದ ಹರಿವಿನ ಮಾತು. ಆರು ತಿಂಗಳು ಕಲ್ಲಿನ ಹತ್ತಿರ ಹೋಗಕೂಡದು, ಉಸಿರು ಬಿಗಿಹಿಡಿದು ತಿಣುಕಿ ಏನನ್ನೂ ಎತ್ತಕೂಡದು, ಆಮೇಲೆ ಹಾಸನದಲ್ಲೇ ಹರಿವು ನೋಡಿ ಹೇಳೋಣ ಎಂದು ಬೆಂಗಳೂರಿನ ವೈದ್ಯರು ಕಳಿಸಿದ್ದರು. ಆ ಆರು ತಿಂಗಳು ಇವತ್ತಿಗೆ ತುಂಬಿವೆ.

ಹಾಸನದ ಬಸ್ಸಿನಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ಕೂತಿದ್ದಾರೆ. ದೇವಯ್ಯ ಕಿಟಕಿಯಾಚೆ ನೋಡುತ್ತಾರೆ. ಅವರನ್ನು ಮಾತಿಗೆಳೆಯಲು ಪುಟ್ಟತಾಯಮ್ಮ ತಮ್ಮ ಹಳೆಯ ದೂರನ್ನು ತೆಗೆಯುತ್ತಾರೆ. ಅರಕಲಗೂಡು ತಾಲೂಕಿನ ಮಲ್ಲಿಪಟ್ಟಣ ಆಕೆಯ ತವರು. ಅಲ್ಲಿಂದ ಮದುವೆಗೆ ಉಡಿಸಿ ಕಳಿಸಿದ್ದ ಹಸಿರು ಸೀರೆಯೊಂದು ಇದೇ ಹೊಳೆಯಲ್ಲಿ ತೇಲಿಹೋಯಿತು. “ಟೀಚರಮ್ಮಾರ ಸೀರೆಗೆ ಪ್ರಾಣ ಬುಟ್ಟು ಧುಮುಕ್ದೋನು, ನಮ್ಮವ್ವ ಕೊಟ್ಟ ಸೀರೆ ಓಗೋವಾಗ ನೋಡ್ತಾ ನಿಂತಿದ್ದ ಸಾ!” ಎಂದು ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ, ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಾರೆ.

“ನೋಡ್ತಾ ನಿಂತಿರ್ಲಿಲ್ಲ ಕಣಮ್ಮಿ,” ದೇವಯ್ಯ ತಿರುಗುತ್ತಾರೆ. “ಕೈ ತುಂಬ ಛತ್ರದ ಬಟ್ಟೆ ಇತ್ತು. ಅದ ಬುಟ್ಟಿದ್ರೆ ಅದೂ ಓಗೋದು. ಊರೋರ್ ಬಟ್ಟೆ ಬುಟ್ಟು ನಮ್ಮನೇದ್ ಇಡಿಯಕ್ ಆಯ್ತದಾ?”

“ಆಯ್ತದೆ ಅಂತ ನಾನೂ ಏಳ್ನಿಲ್ವಲ್ಲ,” ಎನ್ನುತ್ತಾರೆ ಆಕೆ. ಅಲ್ಲಿಗೆ ಆ ಮಾತು ಎಂದಿನಂತೆ ನಿಲ್ಲುತ್ತದೆ.

ಪರೀಕ್ಷೆಯ ಕೋಣೆ ಸಣ್ಣದು. ಒಂದು ಮಂಚ, ಒಂದು ಯಂತ್ರ, ಅದಕ್ಕೊಂದು ಪುಟ್ಟ ಪರದೆ. ಯಂತ್ರ ನಡೆಸುವ ತನ್ಮಯಿ ಚನ್ನರಾಯಪಟ್ಟಣದ ಹುಡುಗಿ. ಪೆನ್ನಿನಷ್ಟು ದಪ್ಪದ ಒಂದು ಕಡ್ಡಿಯನ್ನು ಕಪಾಳದ ಮೇಲ್ಭಾಗಕ್ಕೆ, ಕಿವಿಯ ಮುಂದೆ ಮೂಳೆ ತೆಳ್ಳಗಿರುವ ಕಡೆ ಒತ್ತಿ ಹಿಡಿದರೆ, ಒಳಗೆ ರಕ್ತ ಹರಿಯುವ ಸದ್ದು ಹೊರಗೆ ಕೇಳಿಸುತ್ತದೆ. ಆದರೆ ದೇವಯ್ಯನವರ ತಲೆಗೆ ಆ ಬೆಳಗ್ಗೆ ಬಿದ್ದ ಹರಳೆಣ್ಣೆ ಕೆನ್ನೆಗೆ ಇಳಿದಿದೆ. ತಲೆಯ ಪರೀಕ್ಷೆ ತಾನೇ, ತಂಪಾಗಿರಲಿ ಎಂದು ಪುಟ್ಟತಾಯಮ್ಮ ಧಾರಾಳವಾಗಿ ಹಚ್ಚಿದ್ದಾರೆ. ತನ್ಮಯಿ ಹತ್ತಿಯಲ್ಲಿ ಒರೆಸಿ ಒರೆಸಿ ಸಾಕಾಗಿ ಕಡ್ಡಿ ಇಡುತ್ತಾರೆ.

ಸೊಯ್... ಸೊಯ್... ಸೊಯ್... ಕೋಣೆಯ ತುಂಬ ಸದ್ದು. ದೇವಯ್ಯನವರ ಹುಬ್ಬು ಮೇಲೇರುತ್ತದೆ. “ಇದು ನಂದಾ ತಾಯಿ?”

“ನಿಮ್ಮದೇ. ನಿಮ್ಮ ತಲೆಯೊಳಗಿನ ರಕ್ತ.”

“ಒಳೆ ಅರ್ದಂಗೈತೆ,” ಎಂದು ಅವರು ಹೆಂಡತಿಯತ್ತ ಕಣ್ಣು ಹಾಯಿಸುತ್ತಾರೆ. ಆರು ತಿಂಗಳಲ್ಲಿ ಅವರ ಮುಖ ಇಷ್ಟು ಅರಳಿದ್ದು ಇದೇ ಮೊದಲು.

ಸುಮ್ಮನೆ ಮಲಗಿರುವಾಗ ಹರಿವು ಚೆನ್ನಾಗಿದೆ. ಇನ್ನೊಂದು ಪರೀಕ್ಷೆ ಬಾಕಿ. ವಾರಕ್ಕೊಮ್ಮೆ ಹಾಸನಕ್ಕೆ ಬರುವ ನರರೋಗ ತಜ್ಞ ಗಿರಿಧರ ಅದನ್ನು ಬಿಡಿಸಿ ಹೇಳುತ್ತಾರೆ. ಮೈ ದುಡಿಯುವಾಗ ಮಿದುಳಿಗೆ ಬೇಕಾಗುವಷ್ಟು ರಕ್ತ ಸಿಗಬೇಕು, ಅದಕ್ಕೆ ನಾಳಗಳು ಅಗಲವಾಗಬೇಕು. ಕೊಂಚ ಹೊತ್ತು ಉಸಿರು ನಿಲ್ಲಿಸಿದರೆ ಆರೋಗ್ಯವಂತ ನಾಳ ತಾನಾಗಿ ಅಗಲವಾಗುತ್ತದೆ, ಹರಿವಿನ ಸದ್ದು ಏರುತ್ತದೆ. ಚಿಕಿತ್ಸೆಯಾದ ಕಡೆಯ ನಾಳಗಳಲ್ಲೂ ಆ ಏರಿಕೆ ಕಾಣಿಸಿದರೆ ನಿಶ್ಚಿಂತೆ.

“ಉಸಿರು ಹಿಡಿದುಕೊಳ್ಳಿ,” ಎನ್ನುತ್ತಾರೆ ತನ್ಮಯಿ.

ದೇವಯ್ಯ ಹಿಡಿಯುವುದಿಲ್ಲ. “ಆಗಾಕಿಲ್ಲ ತಾಯಿ. ಬೆಂಗ್ಳೂರ್ ಡಾಕ್ಟ್ರು ಉಸ್ರು ಇಡೀಬ್ಯಾಡ ಅಂದವ್ರೆ. ನಮ್ಮಪ್ಪಾನೂ ಅಂಗೇ ಅಂದಿದ್ದ.”

ತನ್ಮಯಿ ಡಾಕ್ಟರ ಮುಖ ನೋಡುತ್ತಾರೆ. ಗಿರಿಧರ ನಗುತ್ತಾ ಮಂಚದ ಅಂಚಿಗೆ ಕೂತು ತಿಳಿಸಿ ಹೇಳುತ್ತಾರೆ: “ಅವರು ಹೇಳಿದ್ದು ಭಾರ ಎತ್ತಬೇಕಾದರೆ, ತಿಣುಕಬೇಕಾದರೆ. ಇಲ್ಲಿ ಸುಮ್ಮನೆ ಮಲಗಿದ್ದೀರಿ. ನಾನು ಪಕ್ಕದಲ್ಲೇ ಇದ್ದೀನಿ. ಏನೂ ಆಗಲ್ಲ.”

ದೇವಯ್ಯ ತಲೆಯಾಡಿಸಿ ಒಪ್ಪುತ್ತಾರೆ. ಒಳಗೆ ಎಳೆದುಕೊಳ್ಳುತ್ತಾರೆ. ಒಂದು ಗಳಿಗೆ ಕೂಡ ಆಗಿಲ್ಲ, ಹುಶ್ಶ್! ಎರಡನೆಯ ಸಲವೂ ಹುಶ್ಶ್. ಮೂರನೆಯ ಸಲ ತುಟಿಗಳನ್ನು ಕೈಯಲ್ಲೇ ಹಿಡಿದುಕೊಂಡರೂ ಮೂಗಿನಿಂದ ಹುಶ್ಶ್. ಜೀವಮಾನವಿಡೀ ಬಿಟ್ಟ ಉಸಿರು ಹಿಡಿ ಎಂದರೆ ನಿಲ್ಲುವುದಾದರೂ ಹೇಗೆ? ಮೊದಮೊದಲು ಎಲ್ಲರೂ ನಗುತ್ತಾರೆ, ಆಮೇಲೆ ಯಾರೂ ನಗುವುದಿಲ್ಲ. ಗಿರಿಧರ ಮೆಲ್ಲಗೆ ಹೇಳುತ್ತಾರೆ: “ಇದು ಆಗದೇ ಹೋದರೆ ನನಗೆ ಪೂರ್ತಿ ಗೊತ್ತಾಗಲ್ಲ. ಗೊತ್ತಾಗದೆ ಕಲ್ಲಿನ ಹತ್ತಿರ ಹೋಗಿ ಅನ್ನೋಕೆ ನನಗೆ ಧೈರ್ಯ ಬರಲ್ಲ, ದೇವಯ್ಯನೋರೆ.”

ದೇವಯ್ಯ ಸೂರು ನೋಡುತ್ತಾ ಮಲಗಿದ್ದಾರೆ. ಎದೆ ಬಡಿತ ಜೋರಾಗಿದೆ, ಯಂತ್ರದ ಸದ್ದೂ ಅದಕ್ಕೆ ತಕ್ಕಂತೆ ಓಡುತ್ತಿದೆ. ಅಪ್ಪ ಬೆನ್ನಿಗೆ ಬಾರಿಸಿ ಕಲಿಸಿದ್ದೇ ಇವತ್ತು ಅಡ್ಡ ಬಂತಲ್ಲ ಎಂದು ಅವರಿಗೆ ಅಳು ಬರುವಂತಾಗುತ್ತದೆ. ಬಾಗಿಲ ಹತ್ತಿರ ನಿಂತಿದ್ದ ಪುಟ್ಟತಾಯಮ್ಮ ಆಗ ಒಂದು ಹೆಜ್ಜೆ ಮುಂದೆ ಬರುತ್ತಾರೆ.

“ಕಲ್ಲು ನೆಪ್ಪು ಮಾಡ್ಕಬ್ಯಾಡ,” ಎನ್ನುತ್ತಾರೆ ಗಂಡನಿಗೆ. “ಕಣ್ ಮುಚ್ಕೊ. ಮಡುವಿಗ್ ಧುಮುಕ್ದಂಗೆ ಅನ್ಕೊ. ನೀರೊಳಗೆ ಯಾರಾನ ಉಸ್ರು ಬುಡ್ತಾರಾ?”

ದೇವಯ್ಯ ಕಣ್ಣು ಮುಚ್ಚುತ್ತಾರೆ. ಎದೆ ಒಮ್ಮೆ ಏರಿ, ಅಲ್ಲೇ ನಿಲ್ಲುತ್ತದೆ. ಸೊಯ್... ಸೊಯ್... ಸದ್ದು ಮೊದಲಿನಂತೇ ಇದೆ. ಆಮೇಲೆ ನಿಧಾನವಾಗಿ ತುಂಬಿಕೊಳ್ಳುತ್ತದೆ, ಏರುತ್ತದೆ. ಮೇಲೆಲ್ಲೋ ಮಳೆಯಾದ ದಿನ ಹೊಳೆಯ ಸದ್ದು ಬದಲಾಗುವ ಹಾಗೆ. ಪರದೆಯ ಮೇಲಿನ ಗೆರೆಗಳು ಎತ್ತರವಾಗುತ್ತವೆ. ದೇವಯ್ಯನವರ ಬಲಗೈ ಹಾಸಿಗೆಯ ಮೇಲೆ ಏನನ್ನೋ ತಡಕುತ್ತಿದೆ.

“ಸಾಕು, ಬಿಡಿ,” ಎನ್ನುತ್ತಾರೆ ತನ್ಮಯಿ. ಅವರು ಬಿಡುವುದಿಲ್ಲ. “ಬಿಡೀಪ್ಪ, ಸಾಕು!” ಭುಜ ಅಲುಗಿಸಿದ ಮೇಲೆ ದೊಡ್ಡದೊಂದು ಹುಶ್ಶ್‌ನೊಂದಿಗೆ ಅವರು ಮೇಲೆ ಬರುತ್ತಾರೆ. ಮುಖ ಕೆಂಪಗಾಗಿದೆ.

ಇನ್ನೊಂದು ಕಪಾಳದ ಮೇಲೂ ಕಡ್ಡಿ ಇಟ್ಟು, ಮತ್ತೊಮ್ಮೆ ಮುಳುಗಿಸಿ ನೋಡುತ್ತಾರೆ. ಎರಡು ಕಡೆಯೂ ಒಂದೇ ಥರ. ಗಿರಿಧರ ಪರದೆಯಿಂದ ಕಣ್ಣು ತೆಗೆದು, “ಚೆನ್ನಾಗಿದೆ, ತುಂಬ ಚೆನ್ನಾಗಿದೆ,” ಎಂದು ಎರಡು ಸಲ ಹೇಳುತ್ತಾರೆ. ನೀರಿಗಿಳಿಯಬಹುದು, ಮೊದಮೊದಲು ಸಣ್ಣಪುಟ್ಟ ಬಟ್ಟೆ. ಒದ್ದೆ ಗಂಟನ್ನು ಒಬ್ಬರೇ ಎತ್ತಬಾರದು. ವರ್ಷಕ್ಕೊಮ್ಮೆ ತೋರಿಸಬೇಕು. “ಆ ಹುಶ್ಶ್ ಮಾತ್ರ ಬಿಡಬೇಡಿ. ಕಲ್ಲಿನ ಮುಂದೆ ಅದೇ ಸರಿ.”

“ನಮ್ಮಪ್ಪ ಏಳಿದ್ದು ತಪ್ಪಲ್ಲ ಅಂಗಾರೆ?” ದೇವಯ್ಯ ಎದ್ದು ಕೂತು ಕೇಳುತ್ತಾರೆ. ತಪ್ಪಲ್ಲ ಎಂದ ಮೇಲೆ ಅವರಿಗೆ ಪೂರ್ತಿ ಸಮಾಧಾನ. ಹೊರಡುವಾಗ ತನ್ಮಯಿ, “ಅಷ್ಟು ಹೊತ್ತು ಹಿಡಿದ್ರಲ್ಲ, ನೀರೊಳಗೆ ಏನು ಹುಡುಕ್ತಿದ್ರಿ?” ಎಂದು ತಮಾಷೆಗೆ ಕೇಳುತ್ತಾರೆ. ದೇವಯ್ಯ ನಾಚಿಕೊಂಡು ಮಫ್ಲರು ಸುತ್ತಿಕೊಳ್ಳುತ್ತಾರೆ.

ಮರುದಿನ ಅದೇ ದಂಡೆ, ಅದೇ ಮಂಜು. ಸುದ್ದಿ ಆಗಲೇ ಮುಟ್ಟಿದೆ. ದೇವಯ್ಯ ಪಂಚೆ ಮೇಲೆ ಕಟ್ಟಿ ನೀರಿಗಿಳಿಯುವಾಗ ಸಾಲಿನ ಕಲ್ಲುಗಳೆಲ್ಲ ಒಂದು ಕ್ಷಣ ಸುಮ್ಮನಾಗುತ್ತವೆ. ತಮ್ಮ ಕಲ್ಲಿನ ಮೇಲೆ ಅಂಗೈ ಇಟ್ಟು ಸವರುತ್ತಾರೆ. ಎಲ್ಲೂ ಜಾರುವುದಿಲ್ಲ, ಎಲ್ಲೂ ಹಸಿರಿಲ್ಲ. ಬಹಳ ಹೊತ್ತು ಕೈ ತೆಗೆಯುವುದಿಲ್ಲ.

ದಿನದ ಮೊದಲ ಬಟ್ಟೆ ದೇವಸ್ಥಾನದ ಬೀದಿಯದಾಗಿರಬೇಕು ಎನ್ನುವುದು ಈ ಮನೆತನದ ಪದ್ಧತಿ. ಪುಟ್ಟತಾಯಮ್ಮ ಟೀಚರಮ್ಮನ ಮನೆಯ ಪಂಚೆಯನ್ನು ನೆನೆಸಿ ಮುಂದೆ ಚಾಚಿದ್ದಾರೆ. ದೇವಯ್ಯ ಅದನ್ನು ಪಕ್ಕಕ್ಕಿಟ್ಟು, ಗಂಟಿನ ತಳದಿಂದ ಒಂದು ಮಾಸಿದ ಸೀರೆ ಎಳೆಯುತ್ತಾರೆ. ಈ ಆರು ತಿಂಗಳು ಆಕೆ ಉಟ್ಟು ದುಡಿದ ಸೀರೆ.

“ಏ, ಅದು ನಂದು! ಮೊದ್ಲು ಅಮ್ಮಾರದ್ದು ಒಗಿ,” ಆಕೆ ಗದರುತ್ತಾರೆ.

“ಇವತ್ತು ಇದೇಯ.” ಸೀರೆಯನ್ನು ನೀರಲ್ಲದ್ದುತ್ತಾ, ಮುಖ ಎತ್ತದೆ ಹೇಳುತ್ತಾರೆ: “ನೆನ್ನೆ ಆ ಉಡ್ಗಿ ಕೇಳಿದ್ಲಲ್ಲ, ನೀರೊಳಗೆ ಏನುಡುಕ್ತಿದ್ದೆ ಅಂತ. ನಿಮ್ಮವ್ವ ಕೊಟ್ಟಿದ್ ಸೀರೆ ಕಣಮ್ಮಿ. ಆ ಅಸ್ರುದು.”

ಪುಟ್ಟತಾಯಮ್ಮನ ಕೈ ನಿಲ್ಲುತ್ತದೆ. ಪಕ್ಕಕ್ಕಿಟ್ಟ ಪಂಚೆಯನ್ನು ಎತ್ತಿಕೊಳ್ಳುತ್ತಾ ಆಕೆ ಕೇಳುತ್ತಾರೆ: “ಸಿಕ್ತಾ?”

“ಅಂಚು ಕೈಗೆ ಸಿಕ್ಕಿತ್ತು,” ಎನ್ನುತ್ತಾರೆ ದೇವಯ್ಯ. ಸೀರೆ ತಲೆಯ ಮೇಲೆ ಎತ್ತಿ, ಹುಶ್ಶ್ ಎಂದು ಕಲ್ಲಿಗೆ ಬಡಿಯುತ್ತಾರೆ. “ಅಷ್ಟೊತ್ಗೆ ಆ ತಾಯಿ ಸಾಕು ಬುಡು ಅಂದ್ಬುಟ್ಲು. ಇನ್ನೊಂದ್ ಚೂರು ಬುಟ್ಟಿದ್ರೆ ತಂದ್ಬುಡ್ತಿದ್ದೆ.”